ಗುಡ್ಡೆಯ ವ್ಯಾಪಾರ

ಸಂತೆಯಲ್ಲಿ ಟೊಮ್ಯಾಟೊ ಮಾರುವಾಕೆ ಹಣ್ಣುಗಳನ್ನು ಗುಡ್ಡೆ ಗುಡ್ಡೆಯಾಗಿ ಪೇರಿಸಿ ಕುಳಿತಿರುತ್ತಾಳೆ. ಮೇಲಿನ ನಾಲ್ಕು ಹಣ್ಣು ಕೆಂಪಗೆ ಕಣ್ಸೆಳೆಯುತ್ತವೆ. ಅಡಿಯವು ತುಸು ಬಾಡಿದವು. “ಮೇಲಿನವಷ್ಟೇ ಕೊಡಮ್ಮ” ಎಂದರೆ ಆಕೆ ನಗುತ್ತಾಳೆಯೇ ಹೊರತು ಗುಡ್ಡೆ ಒಡೆಯುವುದಿಲ್ಲ. ಅಜ್ಜಂಪುರದ ಈರುಳ್ಳಿ ಬೆಳೆಗಾರನಿಗಾಗಲಿ, ತರೀಕೆರೆಯ ಅಡಕೆ ತೋಟದವನಿಗಾಗಲಿ, ಕಡೂರಿನ ತೆಂಗಿನ ಬೆಳೆಗಾರನಿಗಾಗಲಿ ಈ ಮರ್ಮವನ್ನು ಹೇಳಿಕೊಡಬೇಕಾಗಿಲ್ಲ. ಆದರೂ ಟೆಲಿವಿಷನ್ನಿನ ತಿಂಗಳ ಹಣ ತೆರುವಾಗ ಅವರೇ ಕೇಳುತ್ತಾರೆ: “ನೋಡುವುದು ಮೂರು ವಾಹಿನಿ, ಮೂವತ್ತಕ್ಕೆ ಹಣವೇಕೆ?”

ಮೊದಲ ಕಾರಣ ತಂತಿಯದು. ಹಳೆಯ ಕೇಬಲ್ಲಿನಲ್ಲಿ ಎಲ್ಲ ವಾಹಿನಿಗಳೂ ಒಟ್ಟಿಗೇ ಹರಿದುಬರುತ್ತಿದ್ದವು. ಒಂದು ಮನೆಗೆ ಒಂದನ್ನು ಬಿಟ್ಟು, ಇನ್ನೊಂದನ್ನು ತಡೆಯುವ ಸುಲಭ ಉಪಾಯವಿರಲಿಲ್ಲ. ಸಣ್ಣ ಊರುಗಳಿಗೆ ಸೆಟ್‌ಟಾಪ್ ಪೆಟ್ಟಿಗೆ ಕಡ್ಡಾಯವಾಗಲು 2017ರ ಮಾರ್ಚ್ 31ರ ಗಡುವು ಬರಬೇಕಾಯಿತು. ಈಗ ಆ ಅಡ್ಡಿಯಿಲ್ಲ. ಗುಡ್ಡೆ ಮಾತ್ರ ಹಾಗೆಯೇ ಉಳಿದಿದೆ.

ಏಕೆಂದರೆ ಎರಡನೆಯ ಕಾರಣ ಲೆಕ್ಕದ್ದು. ತರೀಕೆರೆಯ ಒಂದು ಮನೆಯವರು ಧಾರಾವಾಹಿಯ ವಾಹಿನಿಗೆ 15 ರೂಪಾಯಿ, ಕ್ರಿಕೆಟ್ಟಿಗೆ 5 ರೂಪಾಯಿ ಕೊಡಲು ಸಿದ್ಧರೆನ್ನೋಣ. ಅಜ್ಜಂಪುರದ ಮನೆಯಲ್ಲಿ ಕ್ರಿಕೆಟ್ಟಿಗೆ 14, ಧಾರಾವಾಹಿಗೆ 6. ಬಿಡಿಬಿಡಿಯಾಗಿ ಮಾರಿದರೆ ವ್ಯಾಪಾರಿಗೆ ಹೆಚ್ಚೆಂದರೆ 15 ಮತ್ತು 14, ಒಟ್ಟು 29 ರೂಪಾಯಿ. ಎರಡನ್ನೂ ಕಟ್ಟಿ 20ಕ್ಕೆ ಮಾರಿದರೆ ಎರಡು ಮನೆಯವರೂ ಕೊಳ್ಳುತ್ತಾರೆ. 40 ರೂಪಾಯಿ ಕೈಸೇರುತ್ತದೆ. ಟೊಮ್ಯಾಟೊವಾದರೆ ಕೊಟ್ಟಷ್ಟೂ ಕರಗುತ್ತದೆ; ವಾಹಿನಿಯನ್ನು ಇನ್ನೊಂದು ಮನೆಗೆ ಹರಿಸಿದರೆ ಹೆಚ್ಚಿನ ಖರ್ಚೇನೂ ಇಲ್ಲ. ಚಲನಚಿತ್ರಗಳನ್ನು ಕಟ್ಟುಕಟ್ಟಾಗಿ ಟೆಲಿವಿಷನ್ ಕೇಂದ್ರಗಳಿಗೆ ಮಾರುವುದನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1962ರಲ್ಲಿ ತಡೆದಾಗ, ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ ಮರುವರ್ಷವೇ ಬಿಡಿಸಿ ತೋರಿಸಿದ್ದು ಇಂಥದೇ ಲೆಕ್ಕವನ್ನು. ಇದರ ಮೇಲೆ ಜಾಹೀರಾತಿನ ಆಸೆ ಬೇರೆ. ಯಾರೂ ಕೇಳಿ ಕೊಳ್ಳದ ವಾಹಿನಿಯೂ ಗುಡ್ಡೆಯೊಳಗೆ ನುಸುಳಿ ಸಾವಿರಾರು ಮನೆ ಸೇರಿದರೆ, “ನಮ್ಮದು ಇಷ್ಟು ಮನೆಗೆ ತಲುಪುತ್ತದೆ” ಎಂದು ಜಾಹೀರಾತುದಾರರ ಮುಂದೆ ಹೇಳಿಕೊಳ್ಳಬಹುದು.

ಆದರೆ ಕಡೂರಿನಲ್ಲಿ ಒಬ್ಬ ಅಜ್ಜಿ ಇದ್ದಾರೆನ್ನೋಣ. ಅವರಿಗೆ ಧಾರಾವಾಹಿಯ ಬೆಲೆ 15, ಕ್ರಿಕೆಟ್ಟಿನ ಬೆಲೆ ಸೊನ್ನೆ. 20 ರೂಪಾಯಿಯ ಗುಡ್ಡೆ ಅವರ ಪಾಲಿಗೆ ದಂಡ. ತೆತ್ತರೆ ನಷ್ಟ, ಬಿಟ್ಟರೆ ಸಂಜೆಯ ಜೊತೆಯೇ ಇಲ್ಲ. ಅಂಥವರು ಕೆಲವರೇ ಇದ್ದಾಗ ಅವರಿಗಾಗಿ ಯಾವ ವ್ಯಾಪಾರಿಯೂ ಕಟ್ಟು ಬಿಚ್ಚುವುದಿಲ್ಲ. ಕಾನೂನು ನಡುವೆ ಬರಬೇಕಾದುದು ಇಲ್ಲಿಯೇ.

ಬಂದದ್ದೂ ಉಂಟು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2017ರಲ್ಲಿ ಹೊರಡಿಸಿದ ಆಜ್ಞೆ 2019ರ ಫೆಬ್ರವರಿ 1ರಿಂದ ಪೂರ್ಣವಾಗಿ ಆಚರಣೆಗೆ ಬಂದಿತು. ಪ್ರತಿ ವಾಹಿನಿಗೂ ಬಿಡಿ ಬೆಲೆ ಇರಬೇಕು. ಬೇಕಾದುದನ್ನು ಮಾತ್ರ ಆರಿಸಿಕೊಳ್ಳಬಹುದು. ಆದರೆ ವಾಹಿನಿಯ ಬೆಲೆಗಿಂತ ಮೊದಲೇ 100 ವಾಹಿನಿಗಳವರೆಗಿನ ಸಂಪರ್ಕಕ್ಕೆಂದು 130 ರೂಪಾಯಿ. ತೆರಿಗೆ ಸೇರಿ 153! ಜೊತೆಗೆ ಗುಚ್ಛದ ಮೇಲಿನ ರಿಯಾಯಿತಿಗೆ ಹಾಕಿದ್ದ ಶೇಕಡಾ 15ರ ಮಿತಿಯನ್ನು ಮದರಾಸು ಉಚ್ಚ ನ್ಯಾಯಾಲಯ 2018ರಲ್ಲಿಯೇ ಒಪ್ಪದೆ ಹೋಗಿತ್ತು. ಕಡಿವಾಣ ತಪ್ಪಿದೊಡನೆ ಬಿಡಿ ಬೆಲೆಯನ್ನು ಮೇಲಿಟ್ಟು, ಗುಚ್ಛದ ಬೆಲೆಯನ್ನು ಕೆಳಗಿಳಿಸುವ ಜಾಣತನ ಮೆರೆಯಿತು. ಎರಡು ವಾಹಿನಿಯ ಬಿಡಿ ಬೆಲೆಗೆ ಹತ್ತರ ಗುಡ್ಡೆ ದೊರೆಯುವಾಗ ಬಿಡಿಯಾಗಿ ಕೊಳ್ಳುವವನೇ ಹೆಡ್ಡನೆನಿಸುತ್ತಾನೆ. ಆಯ್ಕೆ ಕಾಗದದ ಮೇಲಿತ್ತು; ಮನೆಗೆ ಬಂದದ್ದು ಗುಡ್ಡೆಯೇ. 2022ರ ನವೆಂಬರಿನ ತಿದ್ದುಪಡಿ ರಿಯಾಯಿತಿಗೆ ಶೇಕಡಾ 45ರ ಮಿತಿ ಹಾಕಿತು. ಗುಚ್ಛಕ್ಕೆ ಸೇರುವ ವಾಹಿನಿಯ ಬಿಡಿ ಬೆಲೆ 19 ರೂಪಾಯಿ ಮೀರಕೂಡದೆಂದಿತು. 2024ರಲ್ಲಿ ಸಂಪರ್ಕ ಶುಲ್ಕದ ಮೇಲಿನ ಮಿತಿಯೇ ಹೋಯಿತು.

ಗುಡ್ಡೆಯೆಲ್ಲವೂ ಮೋಸವೆನ್ನಲಾಗದು. ವಾರಪತ್ರಿಕೆಯೂ ಒಂದು ಗುಡ್ಡೆಯೇ: ಕಾದಂಬರಿಗಾಗಿ ಕೊಂಡವರು ಅಡಿಗೆಯ ಪುಟಕ್ಕೂ, ರಾಶಿಫಲಕ್ಕೂ ಹಣ ತೆತ್ತಿರುತ್ತಾರೆ. ಹಲವರ ಹಲವು ರುಚಿ ಸೇರಿಯೇ ಅಚ್ಚಿನ ಖರ್ಚು ಹುಟ್ಟುತ್ತದೆ. ಆದರೆ ಸಂತೆಯಲ್ಲಿ ಪಕ್ಕದ ಗುಡ್ಡೆಗೆ ಹೋಗುವ ಸ್ವಾತಂತ್ರ್ಯವಾದರೂ ಉಂಟು. ಟೆಲಿವಿಷನ್ನಿನಲ್ಲಿಯೂ ಅದು ಪೂರ್ತಿ ಇಲ್ಲವೆಂದಲ್ಲ. ದೂರದರ್ಶನದ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆಯಿಲ್ಲ. ಚಂದನ ಅದರಲ್ಲಿ ಬರುತ್ತದೆ. ಉಳಿದವರು ಮನೆಮಂದಿ ನಿಜವಾಗಿ ನೋಡುವ ವಾಹಿನಿಗಳನ್ನು ಒಂದು ಚೀಟಿಯಲ್ಲಿ ಬರೆದು, ಬಿಡಿ ಬೆಲೆ ಕೂಡಿ, ಗುಚ್ಛದ ಬೆಲೆಯೊಡನೆ ಹೋಲಿಸಿ ನೋಡಲಿ. ಗುಡ್ಡೆಯೇ ಅಗ್ಗವಾದರೆ ಕೊಳ್ಳಲಿ. ಆದರೆ ಅಡಿಯ ಹಣ್ಣನ್ನೂ ಎಣಿಸಿಕೊಂಡು ಕೊಳ್ಳಲಿ.