ಮಗುವಿನ ಹೊಟ್ಟೆನೋವಿನ ಮೂಲವೆಲ್ಲಿ?

ಕಳೆದ ಮಳೆಗಾಲದ ಒಂದು ಸಂಜೆ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವ ಸಂಗಾತಿಯೊಬ್ಬರು ಹೆಂಡತಿಯೊಡನೆ ನಮ್ಮ ಪಕ್ಷದ ಕಚೇರಿಗೆ ಬಂದರು. ಬಂದದ್ದು ಕೂಲಿಯ ತಕರಾರಿಗಲ್ಲ, ಕೈಗಡಕ್ಕೆ. ಎಂಟು ವರ್ಷದ ಮಗಳಿಗೆ ಐದು ತಿಂಗಳಿಂದ ಹೊಟ್ಟೆನೋವು. ವಾರದಲ್ಲಿ ಮೂರು ನಾಲ್ಕು ಸಲ ಬರುತ್ತದೆ. ಹೊಟ್ಟೆ ಹಿಡಿದು ಮುದುರಿ ಕೂರುತ್ತಾಳೆ. ತಾಸು ಹೊತ್ತಿನಲ್ಲಿ ತಾನಾಗಿ ಇಳಿಯುತ್ತದೆ. ದೃಷ್ಟಿ ತೆಗೆದದ್ದಾಯಿತು, ತಾಯಿತ ಕಟ್ಟಿಸಿದ್ದಾಯಿತು, ಓಮದ ನೀರು, ಹಿಂಗು ಆಯಿತು. ಜಂತುವಿನ ಮಾತ್ರೆ ಮೂರು ಸಲ ನುಂಗಿಸಿದರು. ಆಮೇಲೆ ಸ್ಕ್ಯಾನಿಂಗ್. ಅದರಲ್ಲಿ ಹೊಟ್ಟೆಯೊಳಗೆ ಸಣ್ಣ ಸಣ್ಣ ಗಂಟುಗಳಿವೆ ಎಂದು ಬಂತು. ಗಂಟು ಎಂಬ ಮಾತು ಕೇಳಿದ ತಾಯಿ ಅಂದು ರಾತ್ರಿ ಉಣ್ಣಲಿಲ್ಲ. ಗಂಟು ಕರಗಿತೇ ಎಂದು ನೋಡಲು ಇನ್ನೊಂದು ಸ್ಕ್ಯಾನಿಂಗ್. ಅದಕ್ಕೆ ಬೆಂಡೋಲೆ ಅಡವಿಗೆ ಹೋಯಿತು. ಈಗ ದೊಡ್ಡ ಊರಿಗೆ ಹೋಗಿ ದೊಡ್ಡ ಸ್ಕ್ಯಾನಿಂಗ್ ಮಾಡಿಸಿರೆಂದು ಯಾರೋ ಬರೆದುಕೊಟ್ಟ ಚೀಟಿಯನ್ನು ಅವರು ನಮ್ಮ ಮೇಜಿನ ಮೇಲೆ ಇಟ್ಟರು.

ನಾವು ವೈದ್ಯರಲ್ಲ. ಆದರೆ ಕೆಲವು ವರ್ಷ ಮೇಷ್ಟರ ಕೆಲಸ ಮಾಡಿದವರು. ಮಕ್ಕಳ ಹೊಟ್ಟೆನೋವನ್ನು ಬೇಕಾದಷ್ಟು ಕಂಡವರು. ಆದ್ದರಿಂದ ಒಂದು ಪ್ರಶ್ನೆ ಕೇಳಿದೆವು: ಭಾನುವಾರ ನೋವು ಬರುತ್ತದೆಯೇ?

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. “ಭಾನುವಾರ ಬರಲ್ಲ ಮೇಷ್ಟ್ರೇ. ಬೇಸಿಗೆ ರಜೆಯಾಗೆ ಅಜ್ಜಿ ಊರಿಗೆ ಹೋಗಿದ್ಲು, ಅಲ್ಲಿ ಒಂದಿನಾನೂ ಅಳಲಿಲ್ಲ” ಎಂದಳು ಆ ತಾಯಿ. ಐದು ತಿಂಗಳಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಕೇಳುವುದಕ್ಕೆ ಕಾಸೂ ಖರ್ಚಿಲ್ಲ. ಕೇಳಿದವನಿಗೆ ಕಾಸೂ ಹುಟ್ಟುವುದಿಲ್ಲ.

ಮರುದಿನ ಆಕೆ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಮೆಲ್ಲಗೆ ವಿಚಾರಿಸಿದಾಗ ಸಂಗತಿ ಹೊರಬಿತ್ತು. ಶಾಲೆಯ ಹೆಣ್ಣುಮಕ್ಕಳ ಕಕ್ಕಸಿಗೆ ಚಿಲಕವಿಲ್ಲ, ತೊಟ್ಟಿಯಲ್ಲಿ ನೀರಿಲ್ಲ. ಒಬ್ಬಳು ಹೋದರೆ ಇನ್ನೊಬ್ಬಳು ಬಾಗಿಲು ಹಿಡಿದು ನಿಲ್ಲಬೇಕು. ಒಮ್ಮೆ ಹುಡುಗರು ಬಾಗಿಲು ತಳ್ಳಿ ನಕ್ಕಿದ್ದರಂತೆ. ಅಂದಿನಿಂದ ಈ ಹುಡುಗಿ ಬೆಳಗ್ಗೆಯಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಮನೆಯಲ್ಲಾದರೂ ಆದೀತೆಂದರೆ, ವಠಾರದ ಒಂದೇ ಕಕ್ಕಸಿನ ಮುಂದೆ ಬೆಳಗ್ಗೆ ಸಾಲು. ತಂದೆಗೆ ಪಾಳಿಯ ಅವಸರ, ಮಗಳಿಗೆ ಶಾಲೆಯ ಅವಸರ.

ಸರ್ಕಾರಿ ಆಸ್ಪತ್ರೆಯ ವೈದ್ಯೆಯೊಬ್ಬರು ಹುಡುಗಿಯನ್ನು ಮಲಗಿಸಿ ಕೈಯಿಂದ ಹೊಟ್ಟೆ ಮುಟ್ಟಿ ನೋಡಿದರು. ಎಡಗಡೆಯ ಕೆಳಹೊಟ್ಟೆಯಲ್ಲಿ ಗಟ್ಟಿಯಾಗಿ ಸಿಕ್ಕಿದ್ದು ಮಲವೇ ಹೊರತು ಬೇರೇನಲ್ಲ. ಸ್ಕ್ಯಾನಿಂಗಿನ ಗಂಟುಗಳೆಂದರೆ, ಆರೋಗ್ಯವಾಗಿರುವ ಅನೇಕ ಮಕ್ಕಳ ಹೊಟ್ಟೆಯಲ್ಲೂ ಕಾಣುವ ಸಣ್ಣ ರಸಗ್ರಂಥಿಗಳು. ಮಗು ಉಂಡು ಬೆಳೆಯುತ್ತಿದೆ, ಜ್ವರವಿಲ್ಲ, ಇವುಗಳ ಚಿಂತೆ ಬೇಡ ಎಂದು ಅವರು ಬಿಡಿಸಿ ಹೇಳಿದರು. ದೊಡ್ಡ ಊರಿನ ಚೀಟಿ ನಮ್ಮ ಮೇಜಿನ ಮೇಲೆಯೇ ಉಳಿಯಿತು.

ಮಲಬದ್ಧತೆ ಎಂದರೆ ನಮ್ಮ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಅದರ ಕೆಲಸ ಹೇಗೆಂಬುದನ್ನು ತಿಳಿದರೆ ಹಗುರವೆನಿಸದು. ಮಗು ತಡೆದುಕೊಂಡಷ್ಟೂ ದೊಡ್ಡ ಕರುಳು ಮಲದ ನೀರನ್ನು ಹೀರಿಕೊಳ್ಳುತ್ತದೆ, ಮಲ ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ಹೊರಬರುವಾಗ ಉರಿ ನೋವು, ಆ ಹೆದರಿಕೆಗೆ ಮಗು ಇನ್ನೂ ತಡೆಯುತ್ತದೆ. ಕ್ರಮೇಣ ಮಲದ್ವಾರದ ಮೇಲಿನ ಚೀಲ ಹಿಗ್ಗಿ, ಹೋಗಬೇಕೆಂಬ ಸೂಚನೆಯೇ ಮಂದವಾಗುತ್ತದೆ. ಊಟ ಮಾಡಿದೊಡನೆ ಕರುಳು ಚಲಿಸುವುದು ಸ್ವಭಾವವಾದ್ದರಿಂದ ಉಂಡ ಮೇಲೆ ನೋವು ಹೆಚ್ಚು. ದಿನವೂ ಒಂದಿಷ್ಟು ಹೋಗುವ ಮಗುವಿಗೂ ಮಲಬದ್ಧತೆ ಇರಬಹುದು. ಕೆಲವು ಸಲ ಗಟ್ಟಿಯಾದದ್ದರ ಪಕ್ಕದಿಂದ ನೀರಾದ ಮಲ ಸೋರಿ ಚಡ್ಡಿ ಕೆಡುತ್ತದೆ. ತಾಯ್ತಂದೆಗಳು ಭೇದಿ ಎಂದು ತಿಳಿದು ಊಟ ಕಡಮೆ ಮಾಡಿ, ಭೇದಿ ಕಟ್ಟುವ ಔಷಧ ಕೊಡುತ್ತಾರೆ. ಬೆಂಕಿಗೆ ತುಪ್ಪ ಹೊಯ್ದ ಹಾಗೆ. ಇದರ ಚಿಕಿತ್ಸೆ ಒಂದು ದಿನದ್ದಲ್ಲ. ಮಲ ಮೆದುವಾಗಿಸುವ ಔಷಧವನ್ನು ವೈದ್ಯರು ಹೇಳಿದಂತೆ ತಿಂಗಳುಗಟ್ಟಲೆ ಕೊಡಬೇಕು. ನೀರು, ಸೊಪ್ಪು, ಕಾಳು ಬೇಕು. ಊಟದ ನಂತರ ಹತ್ತು ನಿಮಿಷ ಯಾರೂ ಗದರಿಸದೆ ಮಗುವನ್ನು ಕೂರಿಸಬೇಕು.

ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಮಕ್ಕಳ ವೈದ್ಯ ಜಾನ್ ಆಪ್ಲಿ ಮತ್ತು ಡಾಕ್ಟರ್ ನೋರಾ ನೇಯ್ಶ್ ಎಂಬವರು ಒಂದು ಸಾವಿರ ಶಾಲಾ ಮಕ್ಕಳನ್ನು ವಿಚಾರಿಸಿ 1958ರಲ್ಲಿ ಒಂದು ವರದಿ ಪ್ರಕಟಿಸಿದರು. ಮೂರು ತಿಂಗಳ ಅವಧಿಯಲ್ಲಿ ಕನಿಷ್ಠ ಮೂರು ಸಲ, ಆಟ ಪಾಠ ನಿಲ್ಲುವಷ್ಟು ನೋವು ಬಂದರೆ ಅದನ್ನು ಮರುಕಳಿಸುವ ಹೊಟ್ಟೆನೋವು ಎಂದು ಅವರು ಲೆಕ್ಕಕ್ಕೆ ಹಿಡಿದರು. ಸುಮಾರು ಹತ್ತು ಮಕ್ಕಳಲ್ಲಿ ಒಂದಕ್ಕೆ ಅದಿತ್ತು. ಅಂಥ ಮಕ್ಕಳನ್ನು ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ದೇಹದ ಯಾವುದಾದರೊಂದು ಅಂಗದಲ್ಲಿ ರೋಗ ಸಿಕ್ಕಿದ್ದು ಹತ್ತರಲ್ಲಿ ಒಂದಕ್ಕೂ ಕಡಮೆ. ನೋವು ಹೊಕ್ಕುಳಿನಿಂದ ದೂರವಾದಷ್ಟೂ ಒಳಗೆ ರೋಗವಿರುವ ಸಂಭವ ಹೆಚ್ಚು ಎಂದು ಆಪ್ಲಿ ಹೇಳಿದ್ದು ಇಂದಿಗೂ ವೈದ್ಯರ ಬಾಯಲ್ಲಿದೆ. ಮಗುವಿಗೆ ‘ಒಂದು ಬೆರಳಲ್ಲಿ ತೋರಿಸು’ ಎನ್ನಿ. ಹೊಕ್ಕುಳನ್ನೇ ತೋರಿಸಿತೋ, ಬಲಪಕ್ಕೆಯನ್ನೋ, ಬೆನ್ನನ್ನೋ ನೋಡಿಕೊಳ್ಳಿ.

ಅಂಗದಲ್ಲಿ ರೋಗ ಕಾಣದಿದ್ದರೆ ನೋವು ಸುಳ್ಳೆಂದು ಅರ್ಥವಲ್ಲ. ಇದನ್ನು ನಾವು ಒತ್ತಿ ಹೇಳುತ್ತೇವೆ. ಕರುಳಿಗೂ ಮಿದುಳಿಗೂ ನರಗಳ ಸಂಬಂಧ ಬಹಳ ಹತ್ತಿರದ್ದು. ಕೆಲವು ಮಕ್ಕಳ ಕರುಳಿನ ನರ ಸೂಕ್ಷ್ಮ. ಒಮ್ಮೆ ಆಮಶಂಕೆಯಾಗಿ ವಾಸಿಯಾದ ಮೇಲೂ ಅದು ತಿಂಗಳುಗಟ್ಟಲೆ ನೋಯಬಹುದು. ಹೆದರಿಕೆ, ಮನೆಯ ಜಗಳ, ತರಗತಿಯ ಬೆತ್ತ ಆ ನೋವನ್ನು ಇಮ್ಮಡಿ ಮಾಡಬಹುದು. ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕಿನ ಕಾಯಿದೆ ನಿಷೇಧಿಸಿದೆ. ಬೆತ್ತಕ್ಕೆ ಅದು ತಿಳಿದಿದೆಯೇ ಎಂಬುದು ಬೇರೆ ಮಾತು. ‘ಏನೂ ಇಲ್ಲ, ನಾಟಕ’ ಎನ್ನುವ ಹಿರಿಯರು ಮಗುವಿಗೆ ಎರಡನೆಯ ನೋವು ಕೊಡುತ್ತಾರೆ. ನಾವೂ ಕೊಟ್ಟಿದ್ದೇವೆ. ಲೆಕ್ಕದ ಪಿರಿಯಡ್ಡಿನಲ್ಲಿ ಬೆರಳೆತ್ತಿದ ಮಕ್ಕಳಿಗೆ ‘ಕೂತ್ಕೋ, ಗಂಟೆ ಹೊಡೆದ ಮೇಲೆ ಹೋಗು’ ಎಂದು ಎಷ್ಟು ಸಲ ಹೇಳಿದೆವೋ ಲೆಕ್ಕವಿಟ್ಟಿಲ್ಲ. ಶಿಸ್ತು ಎಂದುಕೊಂಡಿದ್ದೆವು.

ಹಾಗೆಂದು ಎಲ್ಲ ಹೊಟ್ಟೆನೋವಿಗೂ ಒಂದೇ ಮೂಲ ಹೇಳುವುದು ತಪ್ಪು. ನಮ್ಮ ಸಂಗಾತಿಗಳಲ್ಲಿ ಕೆಲವರು ಹಲ್ಲುನೋವಿಗೂ ಬಂಡವಾಳಶಾಹಿಯೇ ಕಾರಣವೆನ್ನುವಂಥವರು; ಅವರ ಉತ್ಸಾಹಕ್ಕೆ ಮಗುವನ್ನು ಬಲಿಕೊಡಬಾರದು. ಬ್ರಿಸ್ಟಲ್ಲಿನ ಮಕ್ಕಳು ನಮ್ಮ ಕೊಳಚೆ ಕಾಲುವೆಯ ಪಕ್ಕದ ನಲ್ಲಿ ನೀರನ್ನು ಕುಡಿದವರಲ್ಲ. ಇಲ್ಲಿ ಜಂತುಹುಳು ಇದೆ. ಅದಕ್ಕೆ 2015ರಿಂದ, ಒಂದರಿಂದ ಹತ್ತೊಂಬತ್ತು ವರ್ಷದವರಿಗೆ ಆಲ್ಬೆಂಡಜೋಲ್ ಮಾತ್ರೆಯನ್ನು ಶಾಲೆ, ಅಂಗನವಾಡಿಗಳಲ್ಲಿ ಪುಕ್ಕಟೆ ಕೊಡುವ ಏರ್ಪಾಡಿದೆ. ಆ ಒಂದು ಮಾತ್ರೆಗೆ ಬಗ್ಗದ ಜಿಯಾರ್ಡಿಯ ಎಂಬ ಕ್ರಿಮಿಯೂ ಹೊಲಸು ನೀರಿನಿಂದ ಬರುತ್ತದೆ. ಹೊಟ್ಟೆಯುಬ್ಬರ, ಜಿಡ್ಡು ಜಿಡ್ಡಾದ ದುರ್ವಾಸನೆಯ ಭೇದಿ ಇದ್ದರೆ ಮಲಪರೀಕ್ಷೆ ಮಾಡಿಸಬೇಕು. ಹಾಲು ಕುಡಿದ ದಿನ ಮಾತ್ರ ಹೊಟ್ಟೆ ಉಬ್ಬಿ ನೋಯುವ ಮಕ್ಕಳುಂಟು. ಹಾಲಿನ ಸಕ್ಕರೆ ಅವಕ್ಕೆ ಅರಗದು, ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ. ಉಚ್ಚೆ ಹೊಯ್ಯುವಾಗ ಉರಿಯಿದ್ದರೆ ಮೂತ್ರಪರೀಕ್ಷೆ.

ಇನ್ನೊಂದು ಕಾರಣವಿದೆ, ಅದನ್ನು ಯಾವ ಸ್ಕ್ಯಾನಿಂಗೂ ತೋರಿಸದು. ಮೊದಲ ಪಾಳಿಗೆ ತಂದೆ, ಮನೆಗೆಲಸಕ್ಕೆ ತಾಯಿ ಹೊರಟ ಮನೆಯಲ್ಲಿ ಮಗು ಚಹಾ ಕುಡಿದು ಶಾಲೆಗೆ ಹೋಗುತ್ತದೆ. ಮಧ್ಯಾಹ್ನದ ಬಿಸಿಯೂಟದವರೆಗೆ ಅದರ ಹೊಟ್ಟೆಯಲ್ಲಿ ಬೇರೇನೂ ಇಲ್ಲ. ಹಸಿವಿಗೂ ನೋವಿಗೂ ವ್ಯತ್ಯಾಸ ಹೇಳಲು ಬಾರದ ಸಣ್ಣ ಮಗು ಹನ್ನೊಂದು ಗಂಟೆಗೆ ಹೊಟ್ಟೆನೋವು ಎಂದು ಅಳುತ್ತದೆ.

ಕೆಲವು ಲಕ್ಷಣ ಕಂಡರೆ ಮಾತ್ರ ಪುರಾಣ ಬಿಟ್ಟು ತಕ್ಷಣ ಆಸ್ಪತ್ರೆಗೆ ಓಡಬೇಕು. ಹಸಿರು ವಾಂತಿ, ಮಲದಲ್ಲಿ ರಕ್ತ, ಹೊಟ್ಟೆ ಹಲಗೆಯಂತೆ ಬಿಗಿಯುವುದು, ಹೊಕ್ಕುಳಲ್ಲಿ ಶುರುವಾದ ನೋವು ಬಲಗಡೆ ಕೆಳಕ್ಕೆ ಇಳಿದು ಗಂಟೆಗಂಟೆಗೂ ಏರುವುದು, ಹುಡುಗರಲ್ಲಿ ವೃಷಣದ ನೋವು ಇವು ಒಂದು ರಾತ್ರಿಯನ್ನೂ ಕಾಯುವಂಥವಲ್ಲ. ತೂಕ ಇಳಿಯುವುದು, ಬಿಟ್ಟು ಬಿಟ್ಟು ಬರುವ ಜ್ವರ, ನಿದ್ದೆಯಿಂದ ಎಬ್ಬಿಸುವ ನೋವು, ಕಾಮಾಲೆ, ಮನೆಯಲ್ಲಿ ಯಾರಿಗಾದರೂ ಕ್ಷಯ, ಇವಿದ್ದರೆ ಪರೀಕ್ಷೆಗಳು ಬೇಕೇ ಬೇಕು. ಆಗ ಸ್ಕ್ಯಾನಿಂಗ್ ದಂಡವಲ್ಲ. ನಾಭಿ ಜಾರಿದೆಯೆಂದು ಹೊಟ್ಟೆ ತಿಕ್ಕಿಸುವುದು, ಬರೆ ಹಾಕಿಸುವುದು ಯಾವಾಗಲೂ ಬೇಡ.

ಉಳಿದ ಮಕ್ಕಳಿಗೆ ಬೇಕಾದದ್ದು ಒಂದು ನೋಟು ಪುಸ್ತಕ ಮತ್ತು ಹದಿನೈದು ದಿನದ ತಾಳ್ಮೆ. ನೋವು ಯಾವ ಹೊತ್ತಿಗೆ, ಎಲ್ಲಿ, ಎಷ್ಟು ಹೊತ್ತು, ಮೊದಲು ಏನು ತಿಂದಿತ್ತು, ಮಲ ಹೇಗಿತ್ತು, ಅಂದು ಶಾಲೆ ಇತ್ತೇ ಎಂದು ತಾಯಿಗೆ ಬರೆಯಲು ಬಾರದಿದ್ದರೆ ಓದುವ ಅಣ್ಣನೋ ಅಕ್ಕನೋ ಬರೆಯಲಿ. ಎತ್ತರ, ತೂಕ ತಿಂಗಳಿಗೊಮ್ಮೆ ಬರೆದಿಡಿ. ಬೆಲ್ಲ ತೂಗುವಾಗ ಗುಲಗಂಜಿಯಷ್ಟೂ ಬಿಡದ ನಮ್ಮ ಅಂಗಡಿ ಮಿತ್ರರು ಸ್ವಂತ ಮಗುವನ್ನು ತೂಗಿ ಎಷ್ಟು ದಿನವಾಯಿತೋ! ಆ ಪುಸ್ತಕವನ್ನು ವೈದ್ಯರ ಮುಂದಿಟ್ಟರೆ ಅರ್ಧ ಪರೀಕ್ಷೆ ಅಲ್ಲೇ ಮುಗಿದಂತೆ. ವಿವರ ಕೇಳಿ, ಮಗುವನ್ನು ಸರಿಯಾಗಿ ಪರೀಕ್ಷಿಸಿ, ಅಪಾಯದ ಗುರುತಿಲ್ಲವೆಂದು ಕಂಡರೆ ಎಲ್ಲ ಯಂತ್ರಗಳಿಗೂ ಒಡ್ಡಬೇಕಾಗಿಲ್ಲವೆಂದು 2016ರಲ್ಲಿ ಹೊರಬಂದ ಅಂತರರಾಷ್ಟ್ರೀಯ ವೈದ್ಯರ ಸೂತ್ರಗಳೂ ಒಪ್ಪಿವೆ.

ಆದರೆ ಹತ್ತು ನಿಮಿಷ ಕೇಳುವ ವೈದ್ಯರು ಕಾರ್ಮಿಕನಿಗೆ ಎಲ್ಲಿ ಸಿಗುತ್ತಾರೆ? ಇ.ಎಸ್.ಐ. ಚೀಟಿ ಇದ್ದವನ ಹೆಂಡತಿ ಮಕ್ಕಳಿಗೂ ಚಿಕಿತ್ಸೆಯ ಹಕ್ಕುಂಟು. ಅರ್ಧ ದಿನದ ಕೂಲಿ ಕಳೆದುಕೊಂಡು ಸಾಲಿನಲ್ಲಿ ನಿಂತವನಿಗೆ ಕೊನೆಗೆ ಸಿಗುವುದು ಎರಡು ನಿಮಿಷ. ಹಮಾಲಿಗೂ ಸಣ್ಣ ಅಂಗಡಿಯವನಿಗೂ ಆ ಚೀಟಿಯೂ ಇಲ್ಲ. ಸರ್ಕಾರಿ ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ನೋಡಲು 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾಯಿತು. ಆ ತಂಡ ಬಂದ ದಿನ ಹಲ್ಲು ಕಣ್ಣಿನ ಜೊತೆಗೆ ಶಾಲೆಯ ಕಕ್ಕಸಿನ ಬಾಗಿಲನ್ನೂ ಒಮ್ಮೆ ತೆರೆದು ನೋಡಲಿ ಎಂಬುದು ನಮ್ಮ ಬೇಡಿಕೆ. ಗಂಡು ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಎಲ್ಲರಿಗೂ ಸಾಕಷ್ಟು ಶುದ್ಧ ನೀರು ಎಂದು ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿಯಲ್ಲೇ ಇದೆ. ಕಟ್ಟಡವನ್ನು ಲೆಕ್ಕಕ್ಕೆ ತೋರಿಸುತ್ತಾರೆ; ಚಿಲಕ ಮತ್ತು ನೀರು ಲೆಕ್ಕದಲ್ಲಿ ಬರುವುದಿಲ್ಲ.

ಆ ಹುಡುಗಿಯ ಶಾಲೆಗೆ ನಾವು ಏಳೆಂಟು ಮಂದಿ ತಾಯಂದಿರೊಡನೆ ಹೋದೆವು. ಮುಖ್ಯೋಪಾಧ್ಯಾಯಿನಿ ಮೊದಲು ಸಿಟ್ಟಾದರು, ಆಮೇಲೆ ಪೆಟ್ಟಿಗೆಯಿಂದ ಮೂರು ಅರ್ಜಿಗಳ ಪ್ರತಿ ತೆಗೆದು ತೋರಿಸಿದರು. ಮೋಟಾರು ಸುಟ್ಟು ಹೋದದ್ದಕ್ಕೆ ಅವರೇ ಬರೆದವು, ಒಂದಕ್ಕೂ ಉತ್ತರವಿಲ್ಲ. ಚಿಲಕವನ್ನು ಕಬ್ಬಿಣದಂಗಡಿಯ ಮಿತ್ರರೊಬ್ಬರು ಅಂದೇ ತಂದು ಹಾಕಿಸಿದರು, ಹಣ ತೆಗೆದುಕೊಳ್ಳಲಿಲ್ಲ. ಹುಡುಗಿ ಔಷಧದ ಮೂರನೆಯ ತಿಂಗಳಿನಲ್ಲಿದ್ದಾಳೆ. ನೋವು ಪೂರ್ತಿ ಹೋಗಿಲ್ಲ. ಹದಿನೈದು ದಿನಕ್ಕೊಮ್ಮೆ ಬರುತ್ತದೆಯೆಂದು ಅವಳ ಅಣ್ಣ ಬರೆದ ಪುಸ್ತಕ ಹೇಳುತ್ತದೆ. ಬೆಂಡೋಲೆ ಇನ್ನೂ ಅಡವಿನಲ್ಲೇ ಇದೆ. ತೊಟ್ಟಿಗೆ ನೀರು ಬಂದಿಲ್ಲ. ಬರುವ ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ನಾಲ್ಕನೆಯ ಅರ್ಜಿ ಹೋಗುತ್ತದೆ. ಎರಡನೆಯ ಪಾಳಿಯವರು ಬರಬಹುದು, ಆ ಬೀದಿಯ ಅಂಗಡಿಯವರು ಒಂದು ತಾಸು ಬಾಗಿಲು ಹಾಕಿ ಬರಬಹುದು, ಮಕ್ಕಳನ್ನು ಕರೆತರುವುದು ಬೇಡ.