ಕಲ್ಲು ಕರಗಿಸಿದ್ದು ಯಾರು?

ಕಿಡ್ನಿಯಲ್ಲಿ ಕಲ್ಲಾಗಿದೆ ಎಂದು ಬಾಯಿಬಿಟ್ಟರೆ ಸಾಕು, ನಮ್ಮಲ್ಲಿ ಸಲಹೆಗೆ ಬರವಿಲ್ಲ. ಬಾಳೆದಿಂಡಿನ ರಸ, ಹುರುಳಿಕಟ್ಟು, ಬೆಳಗ್ಗೆ ಖಾಲಿ ಹೊಟ್ಟೆಗೆ ಕಾಡುಬಸಳೆಯ ಎಲೆ. ಗೆಳೆಯರ ಗುಂಪಾದರೆ ಬಿಯರು. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ದಿಂಡನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ಎಳೆಎಳೆಯಾಗಿ ಬರುವ ನಾರನ್ನು ಬೆರಳಿಗೆ ಸುತ್ತಿ ತೆಗೆದು, ಕಪ್ಪಾಗದಂತೆ ಮಜ್ಜಿಗೆಯಲ್ಲಿ ಹಾಕಿಟ್ಟು, ಆಮೇಲೆ ರುಬ್ಬಿ ಸೋಸಿ ಕುಡಿಸಿದ ಅತ್ತೆ ‘ಹದಿನೈದೇ ದಿನಕ್ಕೆ ಕರಗಿಹೋಯಿತು’ ಎಂದರೆ, ಅಷ್ಟರಲ್ಲಿ ಕಲ್ಲು ಹೋಗಿದ್ದು ಬಹುಮಟ್ಟಿಗೆ ನಿಜವೇ. ಸ್ಕ್ಯಾನ್ ವರದಿಯೂ ಅದನ್ನೇ ಹೇಳಬಹುದು. ಆದರೆ ದಿಂಡಿನಿಂದಲೇ ಹೋಯಿತು ಎನ್ನುವಲ್ಲಿ ನನಗೆ ಅನುಮಾನ.

ಏಕೆಂದರೆ ಮೂತ್ರನಾಳಕ್ಕೆ ಇಳಿದ ಕಲ್ಲು ಐದು ಮಿಲಿಮೀಟರಿಗಿಂತ ಚಿಕ್ಕದಾಗಿದ್ದರೆ, ಹೆಚ್ಚಿನವರಲ್ಲಿ ಅದು ಯಾವ ಮದ್ದೂ ಇಲ್ಲದೆ ಹೊರಬೀಳುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುವ ಕಾಯಿಲೆ ಇದು. ಆ ದಿನಗಳಲ್ಲಿ ಏನು ಕುಡಿದಿದ್ದೆವೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಹೋಗದೆ ಉಳಿದವರು ಶಸ್ತ್ರಚಿಕಿತ್ಸೆಗೆ ಹೋಗುತ್ತಾರೆ, ಅವರು ಕುಡಿದ ರಸದ ಕಥೆ ಯಾರ ಜಗಲಿಯಲ್ಲೂ ಕೇಳಿಬರುವುದಿಲ್ಲ.

ಇಲ್ಲಿಗೇ ನಿಂತು ಮನೆಮದ್ದಿನ ಮೇಲೆ ನಗುವುದು ಸುಲಭ. ಆದರೆ ಇದೇ ಪ್ರಶ್ನೆಯನ್ನು ವೈದ್ಯರ ಚೀಟಿಗೂ ಕೇಳಬೇಕಲ್ಲವೇ? ಮೂತ್ರನಾಳವನ್ನು ಸಡಿಲಿಸಿ ಕಲ್ಲನ್ನು ಜಾರಿಸುತ್ತದೆ ಎಂದು ಟ್ಯಾಮ್ಸುಲೋಸಿನ್ ಮಾತ್ರೆ ಬರೆಯುವುದು ಬಹುಕಾಲದ ರೂಢಿ. ಬ್ರಿಟನ್ನಿನ 24 ಆಸ್ಪತ್ರೆಗಳಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ, 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ನಾಲ್ಕು ವಾರಗಳಲ್ಲಿ ಬೇರೆ ಚಿಕಿತ್ಸೆಯ ಅಗತ್ಯ ಬೀಳದವರು ಮಾತ್ರೆ ನುಂಗಿದವರಲ್ಲಿ ಶೇ. 81, ಔಷಧವೇ ಇಲ್ಲದ ಹುಸಿಮಾತ್ರೆ ನುಂಗಿದವರಲ್ಲಿ ಶೇ. 80. ಇದರಿಂದ ಆ ಮಾತ್ರೆ ಯಾರಿಗೂ ಬೇಡವೆಂದು ಹೇಳಲಾರೆ. ಐದು ಮಿಲಿಮೀಟರು ದಾಟಿದ, ನಾಳದ ಕೆಳತುದಿಯಲ್ಲಿರುವ ಕಲ್ಲಿಗೆ ಉಪಯೋಗವಿದೆ ಎಂಬ ವಾದ ಇನ್ನೂ ಜೀವಂತವಾಗಿದೆ. ಆದರೂ ಹುಸಿಮಾತ್ರೆಯ ಆ ಎಂಬತ್ತನ್ನು ಗಮನಿಸಿ. ಅತ್ತೆಯ ದಿಂಡಿನ ರಸಕ್ಕೆ ಸಿಕ್ಕ ಕೀರ್ತಿಯೂ ಅಲ್ಲಿಂದಲೇ ಬಂದಿರಬಹುದು.

ಇನ್ನು ಪಥ್ಯ. ಕಲ್ಲಿನಲ್ಲಿ ಸುಣ್ಣದ ಅಂಶವಿದೆ, ಹಾಲು ಮೊಸರಿನಲ್ಲೂ ಸುಣ್ಣದ ಅಂಶವಿದೆ, ಆದ್ದರಿಂದ ಹಾಲು ಮೊಸರು ಬಿಡಿ. ಈ ತರ್ಕ ಎಷ್ಟು ಸಲೀಸೆಂದರೆ, ವೈದ್ಯರೂ ದಶಕಗಳ ಕಾಲ ಇದನ್ನೇ ಹೇಳುತ್ತಿದ್ದರು. 1993ರಲ್ಲಿ ಹಾರ್ವರ್ಡಿನ ಸಂಶೋಧಕರು 45 ಸಾವಿರಕ್ಕೂ ಹೆಚ್ಚು ಗಂಡಸರ ಊಟದ ಲೆಕ್ಕ ತೆಗೆದಾಗ ಕಂಡದ್ದು ಉಲ್ಟಾ: ಆಹಾರದಲ್ಲಿ ಕ್ಯಾಲ್ಸಿಯಂ ಹೆಚ್ಚು ತಿನ್ನುವವರಲ್ಲೇ ಕಲ್ಲು ಕಡಿಮೆ. ಬರೀ ಗಮನಿಸಿ ಬರೆದ ಲೆಕ್ಕ, ಕಾರಣ ಬೇರೆ ಇರಬಹುದು ಎಂದು ನೀವು ಆಕ್ಷೇಪಿಸಿದರೆ ನ್ಯಾಯವೇ. ಆದರೆ 2002ರಲ್ಲಿ ಇಟಲಿಯ ಪಾರ್ಮಾದ ಬೋರ್ಗಿ ಮತ್ತು ಸಂಗಡಿಗರು, ಮತ್ತೆಮತ್ತೆ ಕಲ್ಲಾಗುತ್ತಿದ್ದ 120 ಗಂಡಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗ ಪ್ರಕಟವಾಯಿತು. ಒಂದು ಗುಂಪಿಗೆ ಕ್ಯಾಲ್ಸಿಯಂ ಕಡಿತ. ಇನ್ನೊಂದಕ್ಕೆ ಮಾಮೂಲು ಕ್ಯಾಲ್ಸಿಯಂ, ಆದರೆ ಉಪ್ಪು ಮತ್ತು ಮಾಂಸ ಕಡಿಮೆ. ಐದು ವರ್ಷಗಳಲ್ಲಿ ಮರಳಿ ಕಲ್ಲಾದವರು ಮೊದಲ ಗುಂಪಿನಲ್ಲಿ 23, ಎರಡನೆಯದರಲ್ಲಿ 12.

ಇದರ ಹಿಂದಿನ ಕಾರಣ ಕರುಳಿನಲ್ಲಿದೆ. ಪಾಲಕ್‌ನಂಥ ಸೊಪ್ಪಿನ ಆಕ್ಸಲೇಟನ್ನು ಮೊಸರಿನ ಕ್ಯಾಲ್ಸಿಯಂ ಕರುಳಿನಲ್ಲೇ ಹಿಡಿದು ಮಲದ ಜೊತೆ ಸಾಗಹಾಕುತ್ತದೆ. ಮೊಸರು ಬಿಟ್ಟರೆ ಆ ಆಕ್ಸಲೇಟು ರಕ್ತಕ್ಕಿಳಿದು ಮೂತ್ರಕ್ಕೆ ಬಂದು, ಅಲ್ಲಿನ ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗಬಹುದು. ಉಪ್ಪಾದರೋ ಮೂತ್ರಕ್ಕೆ ಹೋಗುವ ಕ್ಯಾಲ್ಸಿಯಮ್ಮನ್ನೇ ಹೆಚ್ಚಿಸುತ್ತದೆ. ಮೊಸರು ಬಿಟ್ಟೆನೆಂಬ ಸಮಾಧಾನದಲ್ಲಿ ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಳ್ಳುವವರು ನಮ್ಮ ಪಂಕ್ತಿಯಲ್ಲಿ ಎಷ್ಟು ಜನರಿಲ್ಲ! (ಕ್ಯಾಲ್ಸಿಯಂ ಮಾತ್ರೆಯ ಮಾತು ಬೇರೆ; ಅದನ್ನು ವೈದ್ಯರೊಡನೆ ಮಾತಾಡಿಯೇ ತೀರ್ಮಾನಿಸಬೇಕು.) ಟೊಮೆಟೊ ಬೀಜವೇ ಕಲ್ಲಾಗುತ್ತದೆ ಎಂಬ ನಂಬಿಕೆಗಂತೂ ಹೆಚ್ಚು ಸಾಲು ಬೇಕಿಲ್ಲ. ಬೀಜ ಕಿಡ್ನಿಯವರೆಗೆ ಹೋಗುವುದಿಲ್ಲ, ಟೊಮೆಟೊದಲ್ಲಿ ಆಕ್ಸಲೇಟೂ ಕಡಿಮೆ.

ಹಾಗೆಂದು ಕರಗುವ ಕಲ್ಲೇ ಇಲ್ಲವೆಂದಲ್ಲ. ಯೂರಿಕ್ ಆಮ್ಲದ ಕಲ್ಲು ಮೂತ್ರದ ಆಮ್ಲತೆ ತಗ್ಗಿಸುವ ಔಷಧಕ್ಕೆ ಕರಗುತ್ತದೆ. ಹೆಚ್ಚಿನವರಲ್ಲಿ ಆಗುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಹಾಗೆ ಕರಗದು. ಆದ್ದರಿಂದ ಹೊರಬಿದ್ದ ಕಲ್ಲನ್ನು ಎಸೆಯದೆ ಪ್ರಯೋಗಾಲಯಕ್ಕೆ ಕೊಡುವುದು ಜಾಣತನ.

ಉಳಿದದ್ದು ನೀರು. ನೋವು ಕಾಣಿಸಿಕೊಂಡಾಗ ಬಿಂದಿಗೆಗಟ್ಟಲೆ ಕುಡಿದರೆ ಕಲ್ಲು ಕೊಚ್ಚಿಹೋಗುತ್ತದೆ ಎಂಬುದಕ್ಕೆ ನಂಬಬಹುದಾದ ಪುರಾವೆ ಸಿಕ್ಕಿಲ್ಲ. ಬಿಯರಿಗೂ ಇದೇ ಮಾತು. ನೋವಿನ ಜೊತೆ ಚಳಿಜ್ವರ ಬಂದರಂತೂ ಕುಡಿಯುತ್ತ ಕೂರದೆ ಆಸ್ಪತ್ರೆಗೆ ಓಡಬೇಕು. ಆದರೆ ಮತ್ತೆ ಕಲ್ಲಾಗದಂತೆ ತಡೆಯಲು ನೀರು ನೆರವಾಗುತ್ತದೆ ಎಂಬುದು ಪರೀಕ್ಷೆಯಲ್ಲಿ ನಿಂತ ಮಾತು. ಅದೇ ಬೋರ್ಗಿ ತಂಡದ 1996ರ ಪ್ರಯೋಗದಲ್ಲಿ, ಮೊದಲ ಬಾರಿ ಕಲ್ಲಾದವರಲ್ಲಿ ನೀರು ಹೆಚ್ಚಿಸಿಕೊಂಡವರ ಪೈಕಿ ಐದು ವರ್ಷಗಳಲ್ಲಿ ಶೇ. 12 ಮಂದಿಗೆ, ಉಳಿದವರಲ್ಲಿ ಶೇ. 27 ಮಂದಿಗೆ ಮರಳಿ ಕಲ್ಲಾಯಿತು. ಅಲ್ಲಿ ಗುರಿ ಇಟ್ಟದ್ದು ಕುಡಿದ ಲೋಟಗಳ ಲೆಕ್ಕಕ್ಕಲ್ಲ; ದಿನಕ್ಕೆ ಎರಡು ಲೀಟರಿಗಿಂತ ಹೆಚ್ಚು ಮೂತ್ರ ಹೋಗಬೇಕಿತ್ತು. ಮೇ ತಿಂಗಳ ರಾಯಚೂರಿನಲ್ಲಿ ಬೆವರು ಸುರಿಸಿ ದುಡಿಯುವವನಿಗೂ ಏರ್‌ಕಂಡೀಷನ್ ಕೋಣೆಯಲ್ಲಿ ಕೂತವನಿಗೂ ‘ಮೂರು ಲೀಟರ್ ಕುಡಿಯಿರಿ’ ಎಂಬ ಒಂದೇ ಸಲಹೆ ಹೇಗೆ ಸಾಕಾದೀತು?

ಅದಕ್ಕೂ ಮುಖ್ಯವಾದದ್ದು, ಜನ ನೀರು ಕುಡಿಯದಿರುವುದು ತಿಳಿವಳಿಕೆಯಿಲ್ಲದೆ ಎಂದು ನಾವು ಹಿಡಿದುಕೊಂಡಿರುವುದು. ಬಸ್ಸಿನ ಮಹಿಳಾ ಕಂಡಕ್ಟರನ್ನೋ, ಗಾರ್ಮೆಂಟ್ಸಿನಲ್ಲಿ ಎದ್ದುಹೋದರೆ ಸೂಪರ್‌ವೈಸರ್ ಮುಖ ನೋಡಬೇಕಾದ ಹೆಣ್ಣುಮಗಳನ್ನೋ ಕೇಳಿ ನೋಡಿ. ನೀರು ಕುಡಿಯಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು. ಕುಡಿದರೆ ಹೋಗುವುದೆಲ್ಲಿಗೆ ಎಂಬುದೂ ಗೊತ್ತು, ಆದ್ದರಿಂದಲೇ ಕುಡಿಯುವುದಿಲ್ಲ. ನೀರು ಕುಡಿಯಿರಿ ಎಂದು ಚೀಟಿ ಬರೆಯುವ ವೈದ್ಯರು, ‘ಕೆಲಸದ ಜಾಗದಲ್ಲಿ ಶೌಚಾಲಯ ಇದೆಯೇನಮ್ಮ?’ ಎಂದು ಮೊದಲು ಕೇಳಲಿ.