ಬಿಚ್ಚುವುದೋ, ಬಿಡುವುದೋ?

ಮಾಘದಲ್ಲಿ ನಮ್ಮ ಉಳವಿಯ ಚೆನ್ನಬಸವೇಶ್ವರ ಜಾತ್ರೆ. ಮೊಮ್ಮಗಳು ಬರುತ್ತಾಳೆಂದು ಮನೆಯಾಕೆ ಕೌದಿ ಹೊಲಿಯಲು ಕೂತಳು. ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ರೀತಿ: ಅಂಚಿನಿಂದ ಶುರು, ಸುತ್ತುತ್ತ ಬಂದು ನಡುವಿನಲ್ಲಿ ಮುಕ್ತಾಯ. ತುಂಡು ಜೋಡಿಸಿ ಕೊಟ್ಟವನು ನಾನು. ನಡು ಮುಟ್ಟುವಾಗ ಕಂಡಿತು: ನಮ್ಮವ್ವನ ಸೀರೆಯ ತುಂಡಿನಲ್ಲಿ ಹೂವು ಒಳಗೆ, ಮಾಸಲು ಮಗ್ಗಲು ಮೇಲೆ! ಇನ್ನೊಂದು ಕಡೆ ಹೊಲಿಗೆಯೂ ಸಡಿಲ.

“ಎಲ್ಲಾ ಬಿಚ್ಚೂಣೇನು?” ಎಂದೆ.

“ಸಡಿಲಿದ್ದದ್ದು ಬಿಚ್ಚೂಣು, ಕೂಸಿನ ಕಾಲಬೆರಳು ಸಿಕ್ಕೀತು. ಅತ್ತಿಯವರ ಸೀರಿ ಜೀರ್ಣಾಗೇದ, ಬಿಚ್ಚಿದರ ಹರೀತದ. ಇರಲಿ ಬಿಡ್ರಿ.”

ಬ್ಯಾಂಕಿನ ಲೆಜರಿನಲ್ಲೂ ತಪ್ಪನ್ನು ನಾವು ಕೆರೆದು ಅಳಿಸುತ್ತಿರಲಿಲ್ಲ. ಒಂದು ಗೆರೆ ಎಳೆದು, ಸರಿ ಅಂಕಿ ಬರೆದು, ಸಹಿ ಹಾಕುತ್ತಿದ್ದೆವು. ಮಕ್ಕಳೇ, ಕೌದಿಯಲ್ಲೂ ನನ್ನ ಸಹಿ ಇದೆ: ಆ ತುಂಡಿನ ಪಕ್ಕದಲ್ಲಿ ನಾನೇ ಹಾಕಿದ ಒಂದು ಸೊಟ್ಟ ಹೊಲಿಗೆ.